ಸ್ಕೋಕಿಯ ಮೂಲದವರು ಯಾರು?

ಶಿಕಾಗೋ ನಗರದ ಉತ್ತರದ ಗಡಿಗೆ ಅಂಟಿಕೊಂಡಿರುವ ಸ್ಕೋಕಿಯಲ್ಲಿ ನನ್ನ ಮನೆ ಎಂದು ತಿಳಿದ ಕೂಡಲೇ ನೇಪರ್‌ವಿಲ್, ಅರೋರಾ ಕಡೆಯ ಕನ್ನಡದ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಅದು ಯಹೂದಿಗಳ ಊರಲ್ಲವೇ? ಈಗ ಏಷ್ಯಾದವರೇ ತುಂಬಿಕೊಂಡಿದ್ದಾರಂತೆ, ಮೂಲದವರೆಲ್ಲ ಎಲ್ಲಿಗೆ ಹೋದರು?” ಊರಿನಿಂದ ಬರುವ ನೆಂಟರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ನನ್ನ ಉತ್ತರ ಸ್ವಲ್ಪ ಉದ್ದವಾಗುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಸ್ಕೋಕಿಗೆ ಬಂದ ಪ್ರತಿಯೊಂದು ಜನವರ್ಗವೂ ಹಿಂದಿನವರು ಮಾಡಿಟ್ಟು ಹೋದ ರಸ್ತೆ, ಚರಂಡಿ, ನಿವೇಶನ ಮತ್ತು ಮನೆಗಳಿಗೆ ಬಂದು ಸೇರಿದೆ. ಯಾರು ಬರಬೇಕು, ಯಾವಾಗ ಬರಬೇಕು ಎಂಬುದನ್ನು ಅವರ ಇಷ್ಟಾನಿಷ್ಟಗಳಿಗಿಂತ ಹೆಚ್ಚಾಗಿ ರೈಲುಮಾರ್ಗ, ಸಾಲ ಮತ್ತು ಕಾನೂನುಗಳು ನಿರ್ಧರಿಸಿವೆ. ಒಬ್ಬರನ್ನು ಓಡಿಸಿ ಇನ್ನೊಬ್ಬರು ಬಂದರು ಎಂಬ ಕಥೆ ಇಲ್ಲಿ ಒಂದೇ ಒಂದು ಸಲ ನಿಜವಾಗಿ ನಡೆದಿದೆ, ಅದೂ ಊರು ಹುಟ್ಟುವ ಮೊದಲೇ.

ಈ ಜೌಗು ನೆಲ ಪೊಟವಾಟೋಮಿ ಜನರದಾಗಿತ್ತು. 1833ರ ಶಿಕಾಗೋ ಒಪ್ಪಂದದಲ್ಲಿ ಅವರಿಂದ ಭೂಮಿಯನ್ನು ಬರೆಸಿಕೊಂಡು, ಮುಂದಿನ ಕೆಲವೇ ವರ್ಷಗಳಲ್ಲಿ ಅವರನ್ನು ಮಿಸಿಸಿಪಿ ನದಿಯಾಚೆಗೆ ಕಳುಹಿಸಲಾಯಿತು. ಸ್ಕೋಕಿ ಎಂಬ ಹೆಸರು ಕೂಡ ಜೌಗು ಪ್ರದೇಶಕ್ಕೆ ಅವರಿಟ್ಟದ್ದೇ. ಮೂಲದವರು ಎಂಬ ಮಾತಿಗೆ ಅರ್ಹರಾದವರು ಅವರೊಬ್ಬರೇ. ಉಳಿದವರೆಲ್ಲರೂ, ನಾನೂ ಸೇರಿದಂತೆ, ಆಮೇಲೆ ಬಂದವರು.

ಆ ನಂತರ ಬಂದ ಜರ್ಮನ್ ಮತ್ತು ಲಕ್ಸೆಂಬರ್ಗಿನ ರೈತರು ನೀರು ಬಸಿದು, ತರಕಾರಿ ಬೆಳೆದು, ಬಂಡಿಗಳಲ್ಲಿ ಶಿಕಾಗೋ ಮಾರುಕಟ್ಟೆಗೆ ಸಾಗಿಸಿದರು. ಗಾಜಿನ ಮನೆಗಳಲ್ಲಿ ಹೂವನ್ನೂ ಬೆಳೆದರು. 1888ರಲ್ಲಿ ಊರು ನೈಲ್ಸ್ ಸೆಂಟರ್ ಎಂಬ ಹೆಸರಿನಲ್ಲಿ ಅಧಿಕೃತವಾಗಿ ‘ವಿಲೇಜ್’ ಆಯಿತು. ಇಲಿನಾಯ್ ರಾಜ್ಯದಲ್ಲಿ ಈ ಪದ ಸ್ಥಳೀಯ ಆಡಳಿತದ ಒಂದು ಬಗೆಯನ್ನಷ್ಟೇ ಸೂಚಿಸುತ್ತದೆ, ಜನಸಂಖ್ಯೆ ಎಷ್ಟೇ ಬೆಳೆದರೂ ಊರು ‘ವಿಲೇಜ್’ ಆಗಿಯೇ ಉಳಿಯಬಹುದು. ಹೀಗಾಗಿಯೇ ಮುಂದೆ ಅರವತ್ತು ಸಾವಿರ ದಾಟಿದ ಈ ಊರು ತನ್ನನ್ನು ‘ಜಗತ್ತಿನ ಅತಿ ದೊಡ್ಡ ವಿಲೇಜ್’ ಎಂದು ಕರೆದುಕೊಂಡು ಹೆಮ್ಮೆಪಟ್ಟಿತು. ರೈತರ ಕಾಲದ ಗುರುತಾಗಿ ಫ್ಲೋರಲ್ ಅವೆನ್ಯೂದಲ್ಲಿ 1887ರ ಅಗ್ನಿಶಾಮಕ ಠಾಣೆಯ ಕಟ್ಟಡ ಉಳಿದಿದೆ, ಅದೀಗ ಊರಿನ ಪುಟ್ಟ ವಸ್ತುಸಂಗ್ರಹಾಲಯ.

1920ರ ಜನಗಣತಿಯಲ್ಲಿ ಇಲ್ಲಿದ್ದವರು ಕೇವಲ 763 ಜನ. ನನ್ನ ದೃಷ್ಟಿಯಲ್ಲಿ ಸ್ಕೋಕಿಯ ಇಂದಿನ ಸ್ವರೂಪ ನಿರ್ಧಾರವಾದದ್ದು ಆ ಬಳಿಕದ ಹತ್ತು ವರ್ಷಗಳಲ್ಲಿ. 1925ರಲ್ಲಿ ಶಿಕಾಗೋದ ನಗರ ರೈಲು ಡೆಂಪ್‌ಸ್ಟರ್ ರಸ್ತೆಯವರೆಗೆ ಬಂತು, ಮರುವರ್ಷ ನಾರ್ತ್ ಶೋರ್ ವಿದ್ಯುತ್ ರೈಲು ಇದೇ ದಾರಿಯಲ್ಲಿ ಮಿಲ್ವಾಕಿಯ ಕಡೆಗೆ ಓಡತೊಡಗಿತು. ರೈಲು ಬಂದಲ್ಲಿ ಜಾಗದ ದಲ್ಲಾಳಿಗಳು ಬರುವುದು ಎಲ್ಲ ದೇಶಗಳ ಪದ್ಧತಿ. ತರಕಾರಿಯ ಹೊಲಗಳನ್ನು ಕೊಂಡು ನಿವೇಶನಗಳಾಗಿ ಕತ್ತರಿಸಿದರು; ಊರಾಡಳಿತವು ನಿವೇಶನದಾರರ ಮೇಲೆ ವಿಶೇಷ ತೆರಿಗೆ ಹಾಕಿ ರಸ್ತೆ, ಕಾಲುದಾರಿ, ನೀರಿನ ಕೊಳವೆ, ಒಳಚರಂಡಿ, ಬೀದಿದೀಪಗಳನ್ನು ಮಾಡಿಸಿತು. ಅಷ್ಟರಲ್ಲಿ 1929ರ ಷೇರುಪೇಟೆ ಕುಸಿತ ಬಂದೆರಗಿತು. ಜನಸಂಖ್ಯೆ 1930ರಲ್ಲಿ 5,007ಕ್ಕೆ ಏರಿತ್ತಾದರೂ, ಹಾಕಿದ ರಸ್ತೆಗಳಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಬೆಂಗಳೂರಿನ ಹೊರವಲಯದಲ್ಲಿ ಕಲ್ಲು ನೆಟ್ಟು, ರಸ್ತೆ ಹಾಕಿ, ಕಮಾನು ಕಟ್ಟಿ, ಮನೆಗಳೇ ಏಳದೆ ಪಾರ್ಥೇನಿಯಂ ಬೆಳೆದು ನಿಂತ ಬಡಾವಣೆಗಳನ್ನು ನೋಡಿದವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಹುಲ್ಲುಗಾವಲಿನ ನಡುವೆ ಕಾಂಕ್ರೀಟ್ ಬೀದಿಗಳು ಸುಮಾರು ಹದಿನೈದು, ಇಪ್ಪತ್ತು ವರ್ಷ ಹಾಗೆಯೇ ಬಿದ್ದಿದ್ದವು. ನಡುವೆ, 1934ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರದ ತನಿಖಾ ದಳದವರ ಗುಂಡಿಗೆ ಬಲಿಯಾದ ಕುಖ್ಯಾತ ದರೋಡೆಕೋರ ‘ಬೇಬಿ ಫೇಸ್’ ನೆಲ್ಸನ್‌ನ ಶವವನ್ನು ಅವನ ಕಡೆಯವರು ತಂದು ಬಿಸಾಡಿ ಹೋದದ್ದೂ ಇಲ್ಲಿಯ ಸ್ಮಶಾನದ ಪಕ್ಕದಲ್ಲಿ. 1940ರಲ್ಲಿ ಊರು ಹಳೆಯ ಹೆಸರನ್ನು ಕಳಚಿ ಸ್ಕೋಕಿಯಾಯಿತು. ಪಕ್ಕದ ನೈಲ್ಸ್ ಊರಿನೊಂದಿಗಿನ ಗೊಂದಲ ಅದಕ್ಕೆ ಒಂದು ಕಾರಣ.

ಎರಡನೆಯ ಮಹಾಯುದ್ಧ ಮುಗಿದಾಗ ಶಿಕಾಗೋದಲ್ಲಿ ಮನೆಗಳ ಅಭಾವ ತೀವ್ರವಾಗಿತ್ತು, ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರದ ಭರವಸೆಯ ಮೇಲೆ ಸುಲಭ ಸಾಲ ಸಿಗುತ್ತಿತ್ತು, ನಗರದ ಗಡಿಯಾಚೆಗೆ ಒಳಚರಂಡಿ ಸಹಿತ ಸಿದ್ಧವಾದ ನಿವೇಶನಗಳು ಖಾಲಿ ಬಿದ್ದಿದ್ದವು. 1951ರಲ್ಲಿ ಈಡನ್ಸ್ ಹೆದ್ದಾರಿ ತೆರೆಯಿತು. 1950ರಲ್ಲಿ 14,832 ಇದ್ದ ಜನಸಂಖ್ಯೆ 1960ರ ಹೊತ್ತಿಗೆ 59,364 ಆಗಿತ್ತು, ಅಂದರೆ ಹತ್ತೇ ವರ್ಷಗಳಲ್ಲಿ ನಾಲ್ಕು ಪಟ್ಟು. ನಕಾಶೆಗಳ ಪ್ರಕಾಶಕರಾದ ರ‍್ಯಾಂಡ್ ಮೆಕ್‌ನ್ಯಾಲಿ ಇಲ್ಲಿಗೆ ಬಂದರು; ಓಲ್ಡ್ ಆರ್ಚರ್ಡ್ ಎಂಬ ವಿಶಾಲ ಮಾರುಕಟ್ಟೆ ಸಂಕೀರ್ಣ 1956ರಲ್ಲಿ ತೆರೆಯಿತು. ಅದಕ್ಕೂ ಮೊದಲೇ ಬಂದಿದ್ದ ಸರ್ಲ್ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ 1965ರಲ್ಲಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಆಕಸ್ಮಿಕವಾಗಿ ಪತ್ತೆಯಾಯಿತು. ಮಧುಮೇಹವಿರುವ ನಮ್ಮ ಹಿರಿಯರ ಕಾಫಿಯ ಲೋಟಕ್ಕೂ ಈ ಊರಿಗೂ ಇರುವ ನಂಟು ಅಷ್ಟು.

ಹಾಗೆ ಬಂದವರಲ್ಲಿ ಯಹೂದಿಗಳೇ ಏಕೆ ಹೆಚ್ಚಿದ್ದರು? ಮಿಶಿಗನ್ ಸರೋವರದ ದಂಡೆಯುದ್ದಕ್ಕೂ ಇರುವ ಶ್ರೀಮಂತ ಉಪನಗರಗಳಲ್ಲಿ, ಅದರಲ್ಲೂ ಕೆನಿಲ್‌ವರ್ತ್‌ನಂಥ ಕಡೆ, ಯಹೂದಿಗಳಿಗೂ ಕರಿಯ ಜನರಿಗೂ ಮನೆ ಮಾರಬಾರದೆಂಬ ಕಟ್ಟುಪಾಡು ಬಹುಕಾಲ ಇತ್ತು. ಸ್ಕೋಕಿಯಲ್ಲಿ ಹೊಸ ಮನೆ ಕಟ್ಟಿ ಮಾರುತ್ತಿದ್ದವರಿಗೆ ಕೊಳ್ಳುವವರು ಬೇಕಾಗಿದ್ದರು, ಅವರು ಯಹೂದಿ ಕುಟುಂಬಗಳನ್ನು ಕರೆದೇ ಮಾರಿದರು. ನಗರದ ಲಾಂಡೇಲ್, ಆಲ್ಬನಿ ಪಾರ್ಕ್, ರೋಜರ್ಸ್ ಪಾರ್ಕ್ ಕೇರಿಗಳಿಂದ ಅಂಥ ಕುಟುಂಬಗಳು ಸಾಲುಸಾಲಾಗಿ ಬಂದವು. ಅವರ ಹಿಂದೆಯೇ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳು, ಅವರ ಧರ್ಮದ ಆಹಾರ ನಿಯಮ ಪಾಲಿಸುವ ಕೋಷರ್ ಅಂಗಡಿಗಳು, ಹೀಬ್ರೂ ಥಿಯಲಾಜಿಕಲ್ ಕಾಲೇಜು ಬಂದವು. ಅಮೆರಿಕದ ಜನಗಣತಿ ಧರ್ಮವನ್ನು ಕೇಳುವುದಿಲ್ಲವಾದ್ದರಿಂದ ಯಹೂದಿಗಳ ಲೆಕ್ಕವೆಲ್ಲ ಅಂದಾಜೇ. ಆದರೂ 1970ರ ದಶಕದಲ್ಲಿ ಊರಿನ ಸುಮಾರು 70 ಸಾವಿರ ಜನರಲ್ಲಿ 40 ಸಾವಿರದಷ್ಟು ಮಂದಿ ಯಹೂದಿಗಳಾಗಿದ್ದರು ಎಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು ಕಟ್ಟಿದ ಊರಿನಲ್ಲಿಯೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1960ರ ದಶಕದ ಆರಂಭದಲ್ಲಿ ಕರಿಯ ಕುಟುಂಬಗಳು ಇಲ್ಲಿ ಮನೆ ಮಾಡಲು ಬಂದಾಗ ವಿರೋಧ ಎದುರಿಸಬೇಕಾಯಿತು. ಪಕ್ಕದ ಎವನ್‌ಸ್ಟನ್‌ನಲ್ಲಿ ತಲೆಮಾರುಗಳಿಂದ ದೊಡ್ಡ ಆಫ್ರಿಕನ್ ಅಮೆರಿಕನ್ ಸಮುದಾಯವಿದ್ದರೂ ಸ್ಕೋಕಿಯಲ್ಲಿ ಅವರ ಸಂಖ್ಯೆ ಇಂದಿಗೂ ಕಡಿಮೆಯೇ.

ಆ 40 ಸಾವಿರದಲ್ಲಿ ಐದರಿಂದ ಏಳು ಸಾವಿರ ಮಂದಿ ಯುರೋಪಿನಲ್ಲಿ ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡದಿಂದ (ಹಾಲೋಕಾಸ್ಟ್) ಬದುಕುಳಿದವರು ಅಥವಾ ಅವರ ಹತ್ತಿರದ ಬಂಧುಗಳಾಗಿದ್ದರು. 1977ರಲ್ಲಿ ಫ್ರಾಂಕ್ ಕಾಲಿನ್ ಎಂಬಾತನ ಪುಟ್ಟ ನಾಜಿ ಪಕ್ಷ ಸ್ವಸ್ತಿಕ ತೊಟ್ಟು ಇಲ್ಲಿ ಮೆರವಣಿಗೆ ಮಾಡುವೆವೆಂದು ಘೋಷಿಸಿದಾಗ ಸ್ಕೋಕಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಊರಾಡಳಿತ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು; ಮೆರವಣಿಗೆಗೆ ಮೂರೂವರೆ ಲಕ್ಷ ಡಾಲರಿನ ವಿಮೆ ಕಡ್ಡಾಯ, ಸೈನಿಕ ಮಾದರಿಯ ಸಮವಸ್ತ್ರ ನಿಷಿದ್ಧ, ದ್ವೇಷದ ಕರಪತ್ರ ಹಂಚುವಂತಿಲ್ಲ ಎಂದು ಮೂರು ನಿಯಮಗಳನ್ನು ಮಾಡಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಕಾಲಿನ್ ಪರ ವಾದಿಸಿತು. ಅದರ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದು, ಕೊನೆಗೆ ಆ ನಿಯಮಗಳೆಲ್ಲ ಬಿದ್ದುಹೋದವು. ಗೆದ್ದ ಕಾಲಿನ್ ಮಾತ್ರ ಸ್ಕೋಕಿಗೆ ಬರಲೇ ಇಲ್ಲ, 1978ರಲ್ಲಿ ಶಿಕಾಗೋದಲ್ಲಿಯೇ ಸಭೆ ನಡೆಸಿದ. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿ ಎಂದೇ ನಾನು ನಂಬುತ್ತೇನೆ, ಆದರೆ ನಾಜಿ ಶಿಬಿರದ ಸಂಖ್ಯೆಯನ್ನು ತೋಳಿನ ಮೇಲೆ ಹೊತ್ತವರ ಮುಂದೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಅಲ್ಲಿಯವರೆಗೆ ತಮ್ಮ ಮಕ್ಕಳ ಮುಂದೆಯೂ ಬಾಯಿಬಿಡದಿದ್ದ ಅನೇಕರು ಆ ಬಳಿಕ ಮಾತನಾಡತೊಡಗಿದರು, 1981ರಲ್ಲಿ ಪ್ರತಿಷ್ಠಾನವನ್ನೂ, ಮುಂದೆ ಮೇನ್ ಸ್ಟ್ರೀಟಿನ ಅಂಗಡಿಯೊಂದರಷ್ಟು ಜಾಗದಲ್ಲಿ ಸಂಗ್ರಹಾಲಯವನ್ನೂ ಕಟ್ಟಿದರು. ಅದರ ಮುಂದುವರಿಕೆಯೇ 2009ರಲ್ಲಿ ತೆರೆದ ಇಲಿನಾಯ್ ಹಾಲೋಕಾಸ್ಟ್ ಮ್ಯೂಸಿಯಂ.

ಇನ್ನು, “ಅವರೆಲ್ಲ ಎಲ್ಲಿಗೆ ಹೋದರು” ಎಂಬ ಮಾತು. 1970ರಲ್ಲಿ 68 ಸಾವಿರ ದಾಟಿದ್ದ ಜನಸಂಖ್ಯೆ 1990ರಲ್ಲಿ 59,432ಕ್ಕೆ ಇಳಿಯಿತು. ಯಾರಿಗೋ ಹೆದರಿ ಊರು ಬಿಟ್ಟದ್ದರ ಲೆಕ್ಕವೆಂದು ಇದನ್ನು ಓದುವುದು ತಪ್ಪು. 1955ರಲ್ಲಿ ಎರಡು ಮೂರು ಚಿಕ್ಕ ಮಕ್ಕಳೊಂದಿಗೆ ಬಂದ ದಂಪತಿಗೆ 1985ರ ಹೊತ್ತಿಗೆ ವಯಸ್ಸಾಗಿತ್ತು. ಓದಿ ಮುಂದೆ ಬಂದ ಮಕ್ಕಳು ಡೀರ್‌ಫೀಲ್ಡ್, ನಾರ್ತ್‌ಬ್ರೂಕ್, ಬಫಲೋ ಗ್ರೋವ್‌ಗಳಲ್ಲಿ ಇನ್ನೂ ದೊಡ್ಡ ಮನೆಗಳನ್ನು ಕೊಂಡಿದ್ದರು. ಐವರಿದ್ದ ಮನೆಯಲ್ಲಿ ಇಬ್ಬರು ಉಳಿದರೆ ಜನಸಂಖ್ಯೆ ತಾನಾಗಿ ಇಳಿಯುತ್ತದೆ. ಆ ಇಬ್ಬರೂ ಮನೆ ಮಾರಿದಾಗ ಕೊಂಡವರು, ಒಂದು ಕಾಲದಲ್ಲಿ ಅವರೇ ಬಿಟ್ಟು ಬಂದಿದ್ದ ಆಲ್ಬನಿ ಪಾರ್ಕ್ ಮತ್ತು ರೋಜರ್ಸ್ ಪಾರ್ಕ್‌ಗಳಲ್ಲಿ ಬಾಡಿಗೆಗಿದ್ದ ಹೊಸ ವಲಸಿಗರು: ಕೊರಿಯದವರು, ಫಿಲಿಪೀನ್ಸಿನ ದಾದಿಯರು, ಇರಾಕಿನಿಂದ ಬಂದ ಅಸ್ಸೀರಿಯನ್ ಕ್ರೈಸ್ತರು, ಸೋವಿಯತ್ ದೇಶ ಬಿಟ್ಟು ಬಂದ ಯಹೂದಿಗಳು, ಪಾಕಿಸ್ತಾನಿಗಳು, ಭಾರತೀಯರು.

1965ರ ವಲಸೆ ಕಾನೂನು ಬಾಗಿಲು ತೆರೆಯದಿದ್ದರೆ ಇವರಲ್ಲಿ ಬಹುಪಾಲು ಜನ ಶಿಕಾಗೋಗೇ ಬರುತ್ತಿರಲಿಲ್ಲ. ನಮ್ಮವರ ಅಂಗಡಿ ಬೀದಿಯಾದ ಡಿವಾನ್ ಅವೆನ್ಯೂ, 1974ರಲ್ಲಿ ಪಟೇಲ್ ಬ್ರದರ್ಸ್ ತನ್ನ ಮೊದಲ ದಿನಸಿ ಅಂಗಡಿ ತೆರೆದ ರಸ್ತೆ, ಸ್ಕೋಕಿಯಿಂದ ಕೂಗಳತೆಯಲ್ಲಿದೆ. ಡಿವಾನಿನಲ್ಲಿ ಅಂಗಡಿ ಇಟ್ಟವರು, ಆಸ್ಪತ್ರೆಗಳಲ್ಲಿ ಕೆಲಸಕ್ಕಿದ್ದವರು ಸ್ವಲ್ಪ ದುಡ್ಡು ಕೂಡಿಸಿದ ಮೇಲೆ ಒಳ್ಳೆಯ ಶಾಲೆಗಾಗಿ ಇಲ್ಲಿಗೆ ಬಂದರು. ಮಾಹಿತಿ ತಂತ್ರಜ್ಞಾನದ ಕೆಲಸಕ್ಕೆಂದು ತಡವಾಗಿ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಕಚೇರಿಗಳಿರುವ ಪಶ್ಚಿಮದ ಉಪನಗರಗಳನ್ನೇ ಆರಿಸಿಕೊಂಡರು, ಆದ್ದರಿಂದ ಸ್ಕೋಕಿಯಲ್ಲಿ ಗುಜರಾತಿ, ಉರ್ದು, ಮಲಯಾಳಂ ಕಿವಿಗೆ ಬೀಳುವಷ್ಟು ಕನ್ನಡ ಬೀಳುವುದಿಲ್ಲ.

ನಮ್ಮ ಮನೆ 1950ರ ದಶಕದ ಹಳದಿ ಇಟ್ಟಿಗೆಯದು. ಬಾಗಿಲಿನ ಬಲಗಡೆಯ ಚೌಕಟ್ಟಿನಲ್ಲಿ, ಎದೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ಓರೆಯಾಗಿ ಒಂದರ ಕೆಳಗೊಂದು ಎರಡು ಸಣ್ಣ ತೂತುಗಳಿವೆ. ಯಹೂದಿಗಳು ಧರ್ಮಗ್ರಂಥದ ಸಾಲುಗಳನ್ನು ಬರೆದಿಟ್ಟು ಬಾಗಿಲಿಗೆ ಜಡಿಯುವ ಮೆಜುಜಾ ಎಂಬ ಚಿಕ್ಕ ಪೆಟ್ಟಿಗೆಯ ಮೊಳೆಗಳ ಗುರುತು ಅದು. ಬಣ್ಣ ಬಳಿದರೂ ಮುಚ್ಚಿಲ್ಲ. ಮೇಲೆ ಹಬ್ಬದಲ್ಲಿ ಕಟ್ಟಿದ ಪ್ಲಾಸ್ಟಿಕ್ ಮಾವಿನೆಲೆಯ ತೋರಣವಿದೆ. ಹಾಗೆಂದು ಯಹೂದಿಗಳು ಊರು ಖಾಲಿ ಮಾಡಿದ್ದಾರೆಂದು ಭಾವಿಸಬಾರದು. ಶನಿವಾರ ಬೆಳಿಗ್ಗೆ ಕಪ್ಪು ಟೋಪಿ ಧರಿಸಿ, ಕಾರು ಮುಟ್ಟದೆ, ಮಕ್ಕಳ ಕೈಹಿಡಿದು ಸಿನಗಾಗಿಗೆ ನಡೆದು ಹೋಗುವ ಸಂಪ್ರದಾಯಸ್ಥ ಕುಟುಂಬಗಳನ್ನು ನಮ್ಮ ಬೀದಿಯಲ್ಲಿಯೇ ನೋಡಬಹುದು. ನಡೆದು ಹೋಗುವಷ್ಟು ದೂರದಲ್ಲಿ ಸಿನಗಾಗ್ ಬೇಕಾಗಿರುವುದರಿಂದಲೇ ಅವರು ಇಲ್ಲಿ ಉಳಿದಿದ್ದಾರೆ.

2020ರ ಜನಗಣತಿಯಂತೆ ಸ್ಕೋಕಿಯ ಜನಸಂಖ್ಯೆ 67,824. ಐವತ್ತು ವರ್ಷಗಳ ಹಿಂದಿನ ಶಿಖರಕ್ಕೆ ಅದು ಬಹುತೇಕ ಮರಳಿದೆ. ಖಾಲಿ ನೆಲ ಎಂದೋ ಮುಗಿದಿತ್ತು, ಹಳೆಯ ಮನೆಗಳಲ್ಲಿ ಮತ್ತೆ ಮಕ್ಕಳು ತುಂಬಿದರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು, ಸುಮಾರು ಐವರಲ್ಲಿ ಇಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಅಸ್ಸೀರಿಯನ್ನರನ್ನೂ ರಷ್ಯಾದ ಯಹೂದಿಗಳನ್ನೂ ಜರ್ಮನ್ ರೈತರ ಮೊಮ್ಮಕ್ಕಳನ್ನೂ ಜನಗಣತಿ ಒಂದೇ ‘ಬಿಳಿಯರ’ ಕಲಮಿಗೆ ಸೇರಿಸುತ್ತದೆ, ಆದ್ದರಿಂದ ಅಂಕಿಗಳು ತೋರುವುದಕ್ಕಿಂತ ಇಲ್ಲಿಯ ವೈವಿಧ್ಯ ಹೆಚ್ಚು. 1991ರಿಂದ ಓಕ್ಟನ್ ಪಾರ್ಕಿನಲ್ಲಿ ನಡೆಯುತ್ತ ಬಂದಿರುವ ಸಂಸ್ಕೃತಿಗಳ ಹಬ್ಬದಲ್ಲಿ ಇವರೆಲ್ಲರ ಕುಣಿತ, ತಿಂಡಿ ನೋಡಲು ಸಿಗುತ್ತವೆ.

ಹಬ್ಬದಲ್ಲಿ ಕುಣಿಯುವುದು ಸುಲಭ, ಊರಾಡಳಿತದ ಮೇಜಿನ ಸುತ್ತ ಕೂರುವುದು ಅಷ್ಟು ಸುಲಭವಲ್ಲ. 1960ರ ದಶಕದಿಂದ ಒಂದೇ ಸ್ಥಳೀಯ ಪಕ್ಷ ಇಲ್ಲಿಯ ಚುನಾವಣೆಗಳನ್ನು ಗೆಲ್ಲುತ್ತ ಬಂದಿತ್ತು, ಎಲ್ಲ ಸದಸ್ಯರೂ ಇಡೀ ಊರಿನಿಂದ ಆಯ್ಕೆಯಾಗುತ್ತಿದ್ದರು. ಒಂದೊಂದು ಭಾಗದಲ್ಲಿ ಗುಂಪಾಗಿರುವ ಸಮುದಾಯಕ್ಕೆ ತನ್ನವರನ್ನು ಕಳುಹಿಸುವುದು ಕಷ್ಟವಾಗಿತ್ತು. 2022ರ ನವೆಂಬರಿನಲ್ಲಿ ಮತದಾರರು ಈ ಪದ್ಧತಿಯನ್ನು ಬದಲಿಸಿ, ಪಕ್ಷದ ಹೆಸರಿಲ್ಲದ ಮತ್ತು ಕೆಲವು ಸದಸ್ಯರನ್ನು ವಾರ್ಡುಗಳಿಂದ ಆರಿಸುವ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟರು. 2025ರಲ್ಲಿ ಆ ಕ್ರಮದಲ್ಲಿ ಮೊದಲ ಚುನಾವಣೆ ನಡೆಯಿತು. ಸ್ಕೋಕಿ ಈಗ ಯಾರ ಊರು ಎಂದು ಕೇಳುವ ಗೆಳೆಯರು ಅಂಗಡಿಯ ಹಲಗೆಗಳ ಬದಲು ಮುಂದಿನ ಒಂದೆರಡು ಚುನಾವಣೆಗಳ ಉಮೇದುವಾರರ ಪಟ್ಟಿಯನ್ನು ಗಮನಿಸುವುದು ಒಳ್ಳೆಯದು.