ವಿಯೆನ್ನಾದಲ್ಲಿ ನಿಂತೇ ಕೇಳಿದ ಸಂಜೆ

ವಿಯೆನ್ನಾಕ್ಕೆ ಹೋದರೆ ನೀರಿನ ಬಾಟಲಿ ಕೊಳ್ಳಬೇಡಿ. ಕೈಯಲ್ಲಿ ಕಡಿಮೆ ದುಡ್ಡಿಟ್ಟುಕೊಂಡು ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಇದೇ. ಹಾಸ್ಟೆಲ್ಲಿನ ನಲ್ಲಿಯಲ್ಲಿ ಬರುವುದೇ ಆಲ್ಪ್ಸ್ ಬೆಟ್ಟಗಳ ಒರತೆಯ ನೀರು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಕಾಲರಾ, ಟೈಫಾಯ್ಡ್‌ಗಳಿಂದ ನರಳುತ್ತಿದ್ದ ಊರಿಗೆ ಬೆಟ್ಟದ ನೀರನ್ನೇ ತರಬೇಕೆಂದು ಪಟ್ಟು ಹಿಡಿದವರು ಎಡ್ವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ. ಕೋಟ್ಯಂತರ ವರ್ಷಗಳ ಹಿಂದಿದ್ದ ಮಹಾಖಂಡಕ್ಕೆ ಗೊಂಡ್ವಾನಾಲ್ಯಾಂಡ್ ಎಂಬ ಹೆಸರಿಟ್ಟವರೂ ಇವರೇ. 1873ರಲ್ಲಿ ಮೊದಲ ಕಾಲುವೆ ಬಂತು, 1910ರಲ್ಲಿ ಎರಡನೆಯದು. ಬೆಟ್ಟದಿಂದ ಊರಿನವರೆಗೆ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರಿಸಿಕೊಂಡು ಕುಡಿಯುವ ಬೆಂಗಳೂರಿನವಳು ನಾನು. ಷ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿ ಆ ಮೊದಲ ಕಾಲುವೆಯ ನೆನಪಿಗೆ ಕಟ್ಟಿದ ಕಾರಂಜಿಯ ಮುಂದೆ ತುಂಬ ಹೊತ್ತು ನಿಂತಿದ್ದೆ.

ಅರಮನೆಗಳ ಊರು ಅದು, ನಿಜ. ಒಳಗಿನ ಕೋಣೆಗಳನ್ನು ನೋಡಬೇಕೆಂದರೆ ಟಿಕೆಟ್ಟಿನ ಬೆಲೆ ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಆದರೆ ಷೋನ್‌ಬ್ರುನ್ ಅರಮನೆಯ ಹಿಂದಿನ ದೊಡ್ಡ ತೋಟಕ್ಕೆ ಕಾಸು ಕೊಡಬೇಕಿಲ್ಲ. ಬೆಳಿಗ್ಗೆ ಊರವರು ಅಲ್ಲಿ ಓಡುತ್ತಿರುತ್ತಾರೆ, ಅಜ್ಜಂದಿರು ಬೆಂಚಿನಲ್ಲಿ ಪತ್ರಿಕೆ ಓದುತ್ತಿರುತ್ತಾರೆ. ಗುಡ್ಡ ಹತ್ತಿ ಗ್ಲೋರಿಯೆಟ್ ಮಂಟಪದ ಬಳಿ ಕೂತು, ಅಂಗಡಿಯಿಂದ ತಂದ ಬನ್ನಿಗೆ ಚೀಸ್ ಇಟ್ಟು ತಿಂದೆ. ಕೆಳಗೆ ಅರಮನೆ, ಅದರಾಚೆ ಇಡೀ ಊರು. ಒಂದು ವಿಷಯ ನೆನಪಿಡಿ: ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ದೊಡ್ಡ ರೈಲು ನಿಲ್ದಾಣಗಳಲ್ಲಿರುವ ಕೆಲವನ್ನು ಬಿಟ್ಟರೆ. ಶನಿವಾರವೇ ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಬೇಕು.

71ನೇ ನಂಬರಿನ ಟ್ರಾಮ್ ಹಿಡಿದು ಕೇಂದ್ರ ಸ್ಮಶಾನಕ್ಕೂ ಹೋಗಿಬಂದೆ. ಸಂಗೀತ ರಚನಕಾರರಾದ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಒಬ್ಬರ ಪಕ್ಕ ಒಬ್ಬರು ಮಲಗಿದ್ದಾರೆ. ಮೊದಲಿನ ಇಬ್ಬರನ್ನು 1888ರಲ್ಲಿ ಬೇರೆ ಸ್ಮಶಾನದಿಂದ ಇಲ್ಲಿಗೆ ತಂದರಂತೆ. ಅಲ್ಲಿಗೂ ಟಿಕೆಟ್ ಇಲ್ಲ.

ಆದರೆ ನಾನು ಈ ಊರನ್ನು ಮನಸ್ಸಿಗೆ ಹಚ್ಚಿಕೊಂಡಿದ್ದು ಆಪೆರಾ ಮನೆಯಲ್ಲಿ, ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕಗಳ ರಂಗಮಂದಿರದಲ್ಲಿ. 1869ರಲ್ಲಿ ತೆರೆದ ಕಟ್ಟಡ. 1945ರ ಮಾರ್ಚಿನಲ್ಲಿ ಬಾಂಬು ಬಿದ್ದು ರಂಗ, ಸಭಾಂಗಣ ಸುಟ್ಟುಹೋದವು. ಹತ್ತು ವರ್ಷದ ಮೇಲೆ, 1955ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿ ನಿಂತು ನೋಡುವವರಿಗೆಂದೇ ಜಾಗಗಳಿವೆ, ಟಿಕೆಟ್ಟುಗಳನ್ನು ಆಯಾ ದಿನವೇ ಮಾರುತ್ತಾರೆ. ಕೆಳಗಿನ ನಿಲ್ಲುವ ಜಾಗ ಇರುವುದು ಸಭಾಂಗಣದ ಹಿಂಬದಿಯ ನಟ್ಟನಡುವೆ, ಹಿಂದೆ ಚಕ್ರವರ್ತಿಗಳಿಗೆ ಮೀಸಲಾಗಿದ್ದ ಸ್ಥಳದ ಕೆಳಗೇ. ನಮ್ಮ ಮುಂದೆ ಕೂತವರು ನೂರಾರು ಯೂರೋ ತೆತ್ತಿದ್ದರು. ನನ್ನ ಟಿಕೆಟ್ಟಿಗೆ ಆಗಿದ್ದು ಒಂದು ಸಾಧಾರಣ ಊಟದ ಖರ್ಚು.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ಮಡಚುವ ಪುಟ್ಟ ಸ್ಟೂಲಿನ ಮೇಲೆ ಕೂತಿದ್ದರು. ಒಳಗೆ ಬಿಟ್ಟೊಡನೆ ಅವರು ಸರಸರ ಹೋಗಿ, ಕೊರಳಿನ ಸ್ಕಾರ್ಫ್ ತೆಗೆದು ಕಂಬಿಗೆ ಗಂಟು ಹಾಕಿದರು. ನನ್ನತ್ತ ತಿರುಗಿ "ನೀವೂ ಕಟ್ಟಿ, ಆಮೇಲೆ ಹೊರಗೆ ಹೋಗಿ ಕಾಲು ಚಾಚಿ ಕೂತುಬನ್ನಿ. ಯಾರೂ ಬಿಚ್ಚುವುದಿಲ್ಲ" ಅಂದರು ಇಂಗ್ಲಿಷಿನಲ್ಲಿ. ನಾನು ನನ್ನ ಇಳಕಲ್ ದುಪಟ್ಟಾ ಕಟ್ಟಿದೆ. ಅವರು ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, "ಕೈಮಗ್ಗದ್ದಾ?" ಎಂದು ಕೇಳಿದರು. ಹತ್ತಿಪ್ಪತ್ತು ನಿಮಿಷ ಬಿಟ್ಟು ಬಂದಾಗ ಕಂಬಿಯುದ್ದಕ್ಕೂ ಉಣ್ಣೆ, ರೇಷ್ಮೆ, ಕರವಸ್ತ್ರಗಳ ಗಂಟು. ನನ್ನದು ಕಟ್ಟಿದಲ್ಲೇ ಇತ್ತು.

ಅಂದು ಇಟಲಿಯ ಸಂಗೀತ ರಚನಕಾರ ಪುಚ್ಚೀನಿಯ ಆಪೆರಾ 'ಲಾ ಬೊಯೆಮ್'. ಬಾಡಿಗೆ ಕಟ್ಟಲಾಗದ, ಚಳಿ ಕಾಯಿಸಲು ಬರೆದ ನಾಟಕವನ್ನೇ ಒಲೆಗೆ ಹಾಕುವ ಪ್ಯಾರಿಸಿನ ಹುಡುಗರ ಕಥೆ. ಇಟಾಲಿಯನ್ ನನಗೆ ಬಾರದು, ಆದರೆ ಕಂಬಿಯ ಮೇಲಿನ ಪುಟ್ಟ ಪರದೆಯಲ್ಲಿ ಇಂಗ್ಲಿಷಿನಲ್ಲಿ ಸಾಲುಗಳು ಮೂಡುತ್ತಿದ್ದವು. ನಿಂತವರಿಗೂ ಆ ಪರದೆ ಇದೆ. ಕೊನೆಯ ಅಂಕದಲ್ಲಿ ಕೊಲೀನ್ ಎಂಬಾತ ಸಾಯುತ್ತಿರುವ ಹುಡುಗಿಗಾಗಿ ತನ್ನ ಹಳೆಯ ಕೋಟು ಮಾರಲು ಹೊರಡುತ್ತಾನೆ, ಹೊರಡುವ ಮುನ್ನ ಆ ಕೋಟಿಗೇ ವಿದಾಯ ಹಾಡುತ್ತಾನೆ. ತೀರ ಸಣ್ಣ ಹಾಡು. ನಾನು ಪರದೆ ನೋಡುವುದನ್ನೇ ಬಿಟ್ಟೆ. ಮೈಕು ಇಲ್ಲದ ಒಂಟಿ ಗಂಟಲು ಅಷ್ಟು ದೊಡ್ಡ ಮನೆಯ ಕಟ್ಟಕಡೆಯ ಕಂಬಿಯವರೆಗೂ ಬಂದು ಮುಟ್ಟುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಪಕ್ಕದ ಆಕೆ ಕಣ್ಣು ಮುಚ್ಚಿ ತುಟಿಯಲ್ಲೇ ಜೊತೆಗೆ ಹಾಡಿಕೊಳ್ಳುತ್ತಿದ್ದರು, ಒಂದಕ್ಷರ ತಪ್ಪದೆ.

ಪರದೆ ಬಿದ್ದ ಮೇಲೆ ಚಪ್ಪಾಳೆ ಹೆಚ್ಚು ಹೊತ್ತು ಕೇಳಿಬಂದದ್ದು ನಮ್ಮ ಕಡೆಯಿಂದಲೇ. ಮಾರನೆಯ ದಿನ ಅರಮನೆಯ ಕೋಣೆಗಳಿಗೆಂದು ತೆಗೆದಿಟ್ಟಿದ್ದ ದುಡ್ಡನ್ನು ಆ ರಾತ್ರಿಯೇ ಬೇರೆ ಲೆಕ್ಕಕ್ಕೆ ಹಾಕಿದೆ. ಬೆಳಿಗ್ಗೆ ಎದ್ದು, ಸಂಜೆ ಏನು ಆಡುತ್ತಾರೆಂದು ನೋಡುವ ಮೊದಲೇ, ಮತ್ತೊಂದು ನಿಲ್ಲುವ ಟಿಕೆಟ್ ಕೊಂಡೆ.