ರದ್ದಿಯವ ಓದಿದ ಷರಾ

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಕ್ಕಾರ, ಎಲ್ಲಾ ಹುಡುಗರಿಗೂ ಒಂದ ಮಾತ ಬರದೀರಲ್ರಿ?" ಹೇಳಿದವರು ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಅಲ್ಲ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಅಲ್ಲ. ನವನಗರದ ನಮ್ಮ ಮನೆ ಗೇಟಿನ ಹತ್ತಿರ ತಕ್ಕಡಿ ಹಿಡಿದು ನಿಂತಿದ್ದ ರದ್ದಿಯವ.

ಅವತ್ತು ಬೆಳಿಗ್ಗೆಯಿಂದ ನಾನು ಕಾಗದದ ನಡುವೆಯೇ ಇದ್ದೆ. ಶಾಲೆ ಶುರುವಾಗಲು ಮೂರು ದಿನ ಬಾಕಿ. ಬೀಳಗಿ ಕಡೆಯ ಬಸ್ ಹಿಡಿದು ಶಾಲೆಗೆ ಹೋಗಿ ಕೋಣೆ ಬಾಗಿಲು ತೆಗೆದರೆ ಒಳಗೆ ಕಾದ ಹೆಂಚಿನಂಥ ಸೆಕೆ. ನನ್ನದು ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. ಬೇಸಿಗೆ ರಜೆ ಅಂದರೆ ಇಲಿಗಳಿಗೆ ಹಬ್ಬ. ಕಾರ್ಡುಗಳ ಅಂಚನ್ನೆಲ್ಲ ಕಡಿದು ಹಾಕಿದ್ದವು. ಎಲ್ಲವನ್ನೂ ನೆಲಕ್ಕೆ ಸುರಿದು, ಪ್ರಾಣಿ ಚಿತ್ರದವು ಒಂದು ಕಡೆ, ಪಕ್ಷಿ ಚಿತ್ರದವು ಇನ್ನೊಂದು ಕಡೆ ಅಂತ ಜೋಡಿಸಿದೆ. ಈ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು. ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು 2009ರ ಹೊತ್ತಿಗೆ. ಮಗು ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತಾನು ನಿಂತ ಮೆಟ್ಟಿಲಿನ ಚಿತ್ರ ಹುಡುಕಿ, ಅದೇ ಚಿತ್ರದ ಕಾರ್ಡು ತರುತ್ತದೆ. ಪಕ್ಕದವನು ಎಲ್ಲಿದ್ದಾನೆ ಅನ್ನೋದು ಬೇಕಾಗಿಲ್ಲ. ತರಬೇತಿಗೆ ಹೋದಾಗಲೆಲ್ಲ ಇದನ್ನು ನಾನೇ ಎದ್ದು ನಿಂತು ಹೇಳಿದ್ದೇನೆ.

ಆಮೇಲೆ ಕಡತಗಳು. ವಾರ್ಷಿಕ ಕ್ರಿಯಾ ಯೋಜನೆ, ಪಾಠ ಯೋಜನೆ, ವರ್ಷದ ಶುರುವಿಗೆ ಹಿಂದಿನ ಕ್ಲಾಸಿನ ಪಾಠ ನೆನಪಿಸುವ ಸೇತುಬಂಧದ ಹಾಳೆಗಳು, ಎಫ್‌ಎ ಅನ್ನುವ ನಾಲ್ಕು ಸಣ್ಣ ಪರೀಕ್ಷೆ, ಎಸ್‌ಎ ಅನ್ನುವ ಎರಡು ದೊಡ್ಡ ಪರೀಕ್ಷೆ, ಮಗು ಮಾಡಿದ್ದನ್ನೆಲ್ಲ ಸೇರಿಸಿಡಲು ಮಗುವಿಗೊಂದು ಕೃತಿಸಂಪುಟ. ಎಲ್ಲಕ್ಕೂ ಚೀಟಿ, ಎಲ್ಲಕ್ಕೂ ದಾರ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನನಗೊಂದು ಜಂಬ ಇತ್ತು. ನಮ್ಮ ಕ್ಲಸ್ಟರ್‌ನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಯಾರ ಫೈಲ್ ಕೆಟ್ಟರೂ "ಅವರ ಶಾಲೆಗೆ ಹೋಗಿ ನೋಡ್ರಿ" ಅಂತ ನನ್ನ ಕಡೆ ಕಳಿಸುತ್ತಾರೆ.

ನಮ್ಮ ಹೆಡ್‌ಮಾಸ್ತರು ಒಂದು ಹಾಳೆ ಕೂಡ ಎಸೆಯಲು ಬಿಡುವುದಿಲ್ಲ. ಹರಿದ ಚಾರ್ಟಿಗೂ "ಇರ್ಲಿ ತಗೀರಿ" ಅನ್ನುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಅವರು ನೌಕರಿಗೆ ಸೇರಿದ ಹೊಸದರಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಶಾಲೆ ಇದ್ದ ಊರೇ ಹೋಯಿತು. ಶಾಲೆಯ ಟ್ರಂಕನ್ನು ಟ್ರ್ಯಾಕ್ಟರಿನಲ್ಲಿ ಇಟ್ಟುಕೊಂಡು, ಅದರ ಮೇಲೆ ತಾವೇ ಕೂತು ಪುನರ್ವಸತಿ ಕೇಂದ್ರಕ್ಕೆ ಬಂದರಂತೆ. ಇವತ್ತಿಗೂ ಯಾರಾದರೂ ಮುದುಕರು ಹುಟ್ಟಿದ ತಾರೀಕಿನ ಉತಾರಕ್ಕೆ ಬಂದರೆ ಆ ಹಳೇ ದಾಖಲಾತಿ ಪುಸ್ತಕ ತೆಗೆದು, "ಊರ ಮುಳಗಿತು, ಇದು ಮುಳಗಲಿಲ್ಲ ನೋಡ್ರಿ" ಅನ್ನುತ್ತಾರೆ. ಅಷ್ಟಾದ ಮೇಲೆ ಹರಿದ ಚಾರ್ಟಿನ ಬಗ್ಗೆ ಏನು ಜಗಳ ತೆಗೆಯೋದು?

ಹಾಗಾಗಿ ನಾನು ಎಸೆಯುವುದೆಲ್ಲ ಮನೆಯಲ್ಲೇ. ತಿದ್ದೋಕೆ ಅಂತ ತಂದ ಅಭ್ಯಾಸ ಹಾಳೆಗಳು ಮೂರು ವರ್ಷದಿಂದ ಮಂಚದ ಕೆಳಗೆ ಸೇರಿಕೊಂಡಿದ್ದವು. ಸಂಜೆ ರದ್ದಿಯವ ಬಂದ. ತೂಗಿದ. ಹದಿನಾಲ್ಕು ಕಿಲೋ. ಚೀಲಕ್ಕೆ ತುಂಬುವಾಗ ಒಂದು ಕಟ್ಟಿನ ದಾರ ಬಿಚ್ಚಿತು. ಅವನು ಸುಮ್ನೆ ಒಂದೊಂದೇ ಹಾಳೆ ತಿರುವಿ, ಅಕ್ಷರ ಕೂಡಿಸಿ ಓದಿದ. "ಇನ್ನೂ ಸು-ಧಾ-ರಿ-ಸ-ಬೇಕು." ಮುಂದಿನದು. "ಇನ್ನೂ ಸುಧಾರಿಸಬೇಕು." ಅದರ ಮುಂದಿನದೂ ಅದೇ. ಆಗ ಕೇಳಿದ ಆ ಪ್ರಶ್ನೆ.

"ಅದು ಷರಾ, ತಮ್ಮಾ. ಹಂಗ ಬರೀಬೇಕಾಗ್ತದ" ಅಂದೆ.

"ಹೌದ್ರಿ. ಈ ಹುಡುಗ ಏನ ಸುಧಾರಿಸಬೇಕ್ರಿ?"

ಚುಚ್ಚಿ ಕೇಳಿದ್ದಲ್ಲ. ಅದೇ ಕಷ್ಟ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಹಾಳೆ ನನ್ನ ಮುಖದ ಮುಂದೆ ಹಿಡಿದಿದ್ದ. 52ರಲ್ಲಿ 27 ಕಳೆದರೆ 35 ಅಂತ ಬರೆದಿತ್ತು. "ಇಪ್ಪತ್ತೈದಲ್ರಿ ಅದು?" ಅಂದ. ದಿನಾ ಚಿಲ್ಲರೆ ಎಣಿಸುವವನಿಗೆ ಅದು ಯಾವ ಲೆಕ್ಕ!

ನಾನು ಹಾಳೆ ಈಸಿಕೊಂಡು ನೋಡಿದೆ. 81ರಲ್ಲಿ 46 ಹೋದರೆ 45. 63ರಲ್ಲಿ 38 ಹೋದರೆ 35. 40ರಲ್ಲಿ 13 ಹೋದರೆ 33. ನಾಲ್ಕಕ್ಕೂ ಕೆಂಪು ಇಂಟು ನನ್ನದೇ. ಆದರೆ ಹುಡುಗ ಮನಸ್ಸಿಗೆ ಬಂದದ್ದು ಗೀಚಿರಲಿಲ್ಲ. ಬಿಡಿ ಸ್ಥಾನದಲ್ಲಿ ಮೇಲಿನ ಅಂಕಿ ಸಣ್ಣದಿದ್ದರೆ, ಹತ್ತರ ಮನೆಯಿಂದ ಸಾಲ ತರುವ ಬದಲು ದೊಡ್ಡದರಲ್ಲಿ ಸಣ್ಣದನ್ನು ಕಳೆದುಬಿಟ್ಟಿದ್ದ. ನಾಲ್ಕರಲ್ಲೂ ಹಾಗೇ. ತಪ್ಪೇ, ಆದರೆ ತಪ್ಪಿಗೊಂದು ನಿಯಮ ಇತ್ತು. ಹತ್ತು ನಿಮಿಷ, ಎಣಿಸಿ ತೋರಿಸಲು ಒಂದು ಕಟ್ಟು ಕಡ್ಡಿ ಸಾಕಿತ್ತು ಸರಿ ಮಾಡಲು. ನಾನು ಬರೆದದ್ದು ಎರಡು ಪದ. ಬರೆದು ಸಹಿ ಹಾಕಿ, ತಾರೀಕು ಬೇರೆ ಹಾಕಿದ್ದೆ.

ಆ ಕಟ್ಟನ್ನು ವಾಪಸ್ ತೆಗೆದುಕೊಂಡೆ. ರದ್ದಿಯವ ಬೇಜಾರಾಗದೆ ಮತ್ತೆ ತೂಗಿದ, ಮೂರು ಕಿಲೋ ಕಮ್ಮಿಯಾಯಿತು. ದುಡ್ಡು ಕೊಟ್ಟು ಹೋದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಂತೆ. ಅವನ ಹಾಳೆಗಳ ಮೇಲೆ ಯಾರು ಏನು ಬರೆದಿದ್ದರೋ.

ರಾತ್ರಿ ಊಟ ಆದ ಮೇಲೆ ಹಾಲ್‌ನಲ್ಲಿ ಎಲ್ಲ ಹಾಳೆ ಹರಡಿಕೊಂಡು ಕೂತೆ. ಈ ಸಲ ಹೆಸರು, ಹಾಜರಿ ನಂಬರ್ ನೋಡಲಿಲ್ಲ. ತಪ್ಪು ನೋಡಿ ಗುಂಪು ಮಾಡಿದೆ. ಸಾಲ ತರಲು ಬಾರದವರು ಆರು ಮಂದಿ. ಸೊನ್ನೆ ಕಂಡರೆ ಎಡವುವವರು ನಾಲ್ವರು. ಇಬ್ಬರಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಓದಲು ಬರುವುದಿಲ್ಲ. ಒಬ್ಬಳದು ಎಲ್ಲ ಸರಿ ಇತ್ತು, ಅವಳಿಗೂ ನಾನು ಅದೇ ಎರಡು ಪದ ದಯಪಾಲಿಸಿದ್ದೆ. ಯಜಮಾನರು ಬಂದು, "ಇಷ್ಟೆಲ್ಲಾ ಮಾರೀನಿ ಅಂದಿ?" ಅಂತ ಕೇಳಿದರು. ಉತ್ತರ ಕೊಡಲಿಲ್ಲ.

ನಾನು ಬರೆಯುತ್ತಿದ್ದುದು ಮಗುವಿಗೆ ಅಲ್ಲವೇ ಅಲ್ಲ. ತಪಾಸಣೆಗೆ ಬರುವವರು ಹಾಳೆ ತಿರುವಿದಾಗ ಕೆಂಪು ಶಾಯಿ ಕಾಣಬೇಕು, ಅಷ್ಟೇ. ಅವರೂ ಓದುವುದಿಲ್ಲ, ಕಂಡರೆ ಸಾಕು. ಇಷ್ಟು ವರ್ಷದಲ್ಲಿ ನನ್ನ ಷರಾವನ್ನು ಕೂತು ಓದಿದವನು ಆ ರದ್ದಿಯವ ಒಬ್ಬನೇ.

ಮರುದಿನ ಹೆಡ್‌ಮಾಸ್ತರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಛಲೋ ಮಾಡೀರಿ. ಇದು ಯಾವ ಫೈಲಿಗೆ ಬರ್ತದ?" ಅಂದರು. ಯಾವುದಕ್ಕೂ ಬರುವುದಿಲ್ಲ. ಆ ಹುಡುಗ ಈ ವರ್ಷ ನಾಲ್ಕನೇ ಕ್ಲಾಸು, ನನ್ನ ಕೋಣೆಯವನೂ ಅಲ್ಲ. ನಾಲ್ಕನೆಯ ತರಗತಿಯ ಸರ್, "ಸೇತುಬಂಧದಾಗ ನೋಡೂಣು ಬಿಡ್ರಿ" ಅಂದರು. ಅವರು ಒಳ್ಳೆಯವರೇ, ಆದರೆ ಅವರ "ನೋಡೂಣು" ನನಗೆ ಗೊತ್ತು.

ನಾಳೆ ಶಾಲೆ ಶುರು. ಬಾಗಿಲಿಗೆ ತೋರಣ, ಮಕ್ಕಳಿಗೆ ಸಿಹಿ ಊಟ, ಎಲ್ಲ ತಯಾರಿ ಆಗಿದೆ. ಆ ಹಾಳೆಯನ್ನು ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದೇನೆ. ಕಡ್ಡಿಯ ಕಟ್ಟೂ ಇದೆ.