ಜರ್ಮನಿಯ ವೃತ್ತಿ ಮಾರ್ಗದರ್ಶಕರ ಜೊತೆ ಬೆಳಗಾವಿಯಿಂದ ಆನ್‌ಲೈನ್ ಸಭೆ

ಇಲ್ಲಿನ ವಿದ್ಯಾರ್ಥಿಗಳ ಬಗ್ಗೆ ಜರ್ಮನಿಯ ಮಾರ್ಗದರ್ಶಕರೊಡನೆ ಮಾತಾಡುವಾಗ ಮೊದಲು ಎಡವುವುದು ಗಡಿಯಾರದಲ್ಲಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ. ಅಮೆರಿಕದವರೂ ಇದ್ದರೆ ಇನ್ನೂ ಫಜೀತಿ, ಅಲ್ಲಿ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರವೇ ಬದಲಾಗುತ್ತದೆ. ಸಭೆ ಯಾವ ದೇಶದ ಗಡಿಯಾರದ ಪ್ರಕಾರ ಎಂದು ಆಹ್ವಾನದಲ್ಲಿ ಬರೆದುಬಿಡಿ. ನಮ್ಮ ಸಂಜೆ ಆರೂವರೆ ಜರ್ಮನಿಗೂ ಅಮೆರಿಕದ ಪೂರ್ವ ಭಾಗಕ್ಕೂ ಸುಮಾರಾಗಿ ಹೊಂದುತ್ತದೆ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿಯುತ್ತದೆ, ನೆನಪಿರಲಿ.

ನಿಜವಾದ ತೊಡಕು ಅಂಕಪಟ್ಟಿಯದು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೊಡುವ ಸಿಜಿಪಿಎ, ಅಂದರೆ ಒಟ್ಟು ಸರಾಸರಿ ಗ್ರೇಡ್, 10ರ ಲೆಕ್ಕದ್ದು. ಬರೀ 8.2 ಎಂದರೆ ಸಾಲದು. ಗರಿಷ್ಠ ಎಷ್ಟು, ಪಾಸಿಗೆ ಎಷ್ಟು ಎರಡನ್ನೂ ಹೇಳಬೇಕು. ಎಸ್‌ಎಸ್‌ಎಲ್‌ಸಿ ನಂತರ 3 ವರ್ಷದ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಬಿಇಗೆ ಸೇರಿದವರ ಬಳಿ ಪಿಯುಸಿ ಅಂಕಪಟ್ಟಿ ಇರುವುದಿಲ್ಲ, ಬಿಇ ಮೊದಲ ವರ್ಷದ್ದೂ ಇರುವುದಿಲ್ಲ. ಕಾಗದ ಕಳೆದಿದೆ ಎಂದುಕೊಳ್ಳುವುದು ಆ ಕಡೆಯವರ ತಪ್ಪೇನಲ್ಲ. ಈ ದಾರಿಯನ್ನು ಒಂದೇ ಪುಟದಲ್ಲಿ ಬರೆದು ಎರಡು ದಿನ ಮೊದಲೇ ಕಳಿಸಿ. ಅಂಕಪಟ್ಟಿ ತೋರಿಸುವಾಗ ವಿದ್ಯಾರ್ಥಿಯ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಮುಚ್ಚಿ.

ಕರೆಂಟು ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ರೂಟರ್ ನಿಲ್ಲುತ್ತದೆ. ಅದಕ್ಕೊಂದು ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ಇದೆಯೋ ನೋಡಿಕೊಳ್ಳಿ.